ಮನೆಯ ಜೇಡ ವಿಷದ್ದೋ ಪಾಪದ್ದೋ? ಗುರುತಿಸುವುದು ಹೀಗೆ

ಜೇಡ ಕಂಡ ತಕ್ಷಣ ಹೆಚ್ಚಿನವರು ಮಾಡುವ ಕೆಲಸ ಒಂದೇ. ಚಪ್ಪಲಿ ತೆಗೆದು ಬಡಿಯುವುದು, ಆಮೇಲೆ ಜಜ್ಜಿಹೋದದ್ದರ ಫೋಟೊ ತೆಗೆದು ‘ಇದು ವಿಷದ್ದಾ?’ ಅಂತ ಎಲ್ಲರಿಗೂ ಕಳಿಸುವುದು. ಆ ಫೋಟೊ ನೋಡಿ ಯಾರೂ ಏನೂ ಹೇಳಲಾರರು. ಇನ್ನು ಕೆಲವರು ಗಾತ್ರ ನೋಡಿ ತೀರ್ಮಾನ ಮಾಡುತ್ತಾರೆ. ದೊಡ್ಡದು, ಮೈತುಂಬ ರೋಮ, ಗೋಡೆ ಮೇಲೆ ಸರಸರ ಓಡುತ್ತದೆ, ಹಾಗಾಗಿ ಅಪಾಯ. ಚಿಕ್ಕದು, ಸುಮ್ನೆ ಮೂಲೆಯಲ್ಲಿ ನೇತಾಡುತ್ತಿದೆ, ಹಾಗಾಗಿ ಪಾಪದ್ದು. ಮನೆಯ ಮಟ್ಟಿಗೆ ಈ ಲೆಕ್ಕ ಬಹುಪಾಲು ತಲೆಕೆಳಗು. ಗೋಡೆ ಮೇಲಿನ ಅಂಗೈಯಗಲದ ಜೇಡ ಸಾಮಾನ್ಯವಾಗಿ ಜಿರಳೆ ಹುಡುಕಿಕೊಂಡು ಬಂದದ್ದು. ಹುಷಾರಾಗಿ ನೋಡಬೇಕಾದದ್ದು ಕುರ್ಚಿಯ ಅಡಿಯಲ್ಲಿ ಕದಲದೆ ಕೂತಿರುವ, ಬಟಾಣಿ ಕಾಳಿನಷ್ಟು ಹೊಟ್ಟೆಯ ಜೇಡವನ್ನು.

ಹೆಸರಿಟ್ಟಿರುವ ಜೇಡಗಳ ಜಾತಿ ಈಗ 50,000 ದಾಟಿದೆ. ಬಹುತೇಕ ಎಲ್ಲದಕ್ಕೂ ವಿಷ ಇದೆ, ಆದರೆ ಅದು ನೊಣ, ಸೊಳ್ಳೆಗೆ ಸಾಕಾಗುವಷ್ಟು. ಮನುಷ್ಯರಿಗೆ ನಿಜಕ್ಕೂ ತೊಂದರೆ ಕೊಡುವ ಗುಂಪುಗಳು ಬೆರಳೆಣಿಕೆಯಷ್ಟೇ. ಹಾಗಾಗಿ ಎಲ್ಲ ಜೇಡದ ಹೆಸರು ಕಲಿಯಲು ಹೋಗಬೇಡಿ. ಆ ಕೆಲವನ್ನು ಗುರುತು ಹಿಡಿಯಲು ಬಂದರೆ ಸಾಕು.

ಹೆಜ್ಜೆ 1: ಕಾಲು ಎಣಿಸಿ

ಎಂಟು ಕಾಲು, ಎರಡು ಭಾಗದ ಮೈ ಇದ್ದರೆ ಜೇಡ. ಇರುವೆಯ ವೇಷದ ಜೇಡಗಳೂ ಇವೆ, ಅವು ಮುಂಗಾಲನ್ನು ಮೀಸೆಯ ಹಾಗೆ ಎತ್ತಿ ಆಡಿಸುತ್ತವೆ, ಎಣಿಸಿದರೆ ಸಿಕ್ಕಿಬೀಳುತ್ತವೆ.

ಹೆಜ್ಜೆ 2: ಜೇಡ ಬಿಡಿ, ಬಲೆ ನೋಡಿ

ನನ್ನ ಕೇಳಿದರೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಗಿಡಗಳ ನಡುವೆ ಚಕ್ರದ ಹಾಗೆ ಅಚ್ಚುಕಟ್ಟಾಗಿ ನೇಯ್ದ ಬಲೆ ಇದ್ದರೆ ಚಿಂತೆ ಬೇಡ. ಬಲೆಯ ನಡುವೆ ದಪ್ಪ ಬಿಳಿ ದಾರದಲ್ಲಿ ಅಂಕುಡೊಂಕು ಗೆರೆ ಹಾಕಿಕೊಂಡು ಕೂತ ಹಳದಿ ಪಟ್ಟೆಯ ಜೇಡವೂ ಅಷ್ಟೇ, ನೋಡಲು ಭಯಂಕರ, ಸ್ವಭಾವ ಸಾಧು. ಬಲೆಯೇ ಇಲ್ಲದೆ ಓಡಾಡುತ್ತಿದ್ದರೆ ಮೂರನೇ ಹೆಜ್ಜೆಗೆ ಹೋಗಿ. ನೆಲದಿಂದ ಮೊಣಕಾಲೆತ್ತರದೊಳಗೆ, ಸಂದಿಯಲ್ಲಿ, ಗೊತ್ತುಗುರಿ ಇಲ್ಲದೆ ಸಿಕ್ಕುಸಿಕ್ಕಾಗಿ ಹೆಣೆದ ಬಲೆ ಇದ್ದರೆ ಮಾತ್ರ ನಿಲ್ಲಿ, ಕೈ ಹಾಕಬೇಡಿ, ನೇರ ನಾಲ್ಕಕ್ಕೆ ಬನ್ನಿ.

ಹೆಜ್ಜೆ 3: ಬಿಟ್ಟುಬಿಡಬೇಕಾದವು

ಚಪ್ಪಟೆ ಮೈ, ಏಡಿಯ ಹಾಗೆ ಅಕ್ಕಪಕ್ಕಕ್ಕೆ ಚಾಚಿದ ಕಾಲು, ಗೋಡೆಯಲ್ಲಿ ಮಿಂಚಿನ ಓಟ: ಇದು ಹಂಟ್ಸ್‌ಮನ್. ಹೆಣ್ಣು ತನ್ನ ಮೊಟ್ಟೆ ಚೀಲವನ್ನು ಬಿಳಿ ಬಿಲ್ಲೆಯ ಹಾಗೆ ಹೊಟ್ಟೆಯಡಿ ಹಿಡಿದುಕೊಂಡೇ ತಿರುಗುತ್ತದೆ. ಕೈಯಲ್ಲಿ ಅದುಮಿ ಹಿಡಿದರೆ ಕಚ್ಚುತ್ತದೆ, ನೋಯುತ್ತದೆ, ಅಷ್ಟೇ.

ಕಿಟಕಿ ಹತ್ತಿರ ಕುಪ್ಪಳಿಸುತ್ತಾ, ನೀವು ಬೆರಳು ಆಡಿಸಿದರೆ ಮುಖ ತಿರುಗಿಸಿ ನಿಮ್ಮನ್ನೇ ನೋಡುವ ಪುಟಾಣಿ ಇದ್ದರೆ ಅದು ಜಿಗಿಯುವ ಜೇಡ. ಮುಂದಿನ ಎರಡು ಕಣ್ಣು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಇದನ್ನು ಕೊಲ್ಲುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಚಾವಣಿಯ ಮೂಲೆಯಲ್ಲಿ ಕೂದಲಿನಷ್ಟು ತೆಳ್ಳನೆಯ ಉದ್ದ ಕಾಲಿನದು ಇರುತ್ತದಲ್ಲ, ಮುಟ್ಟಿದರೆ ಬಲೆಯ ಸಮೇತ ಗಡಗಡ ಅಲುಗಾಡುತ್ತದೆ. ‘ಇದರ ವಿಷ ಎಲ್ಲಕ್ಕಿಂತ ಜಾಸ್ತಿ, ಆದರೆ ಹಲ್ಲು ಚಿಕ್ಕದು’ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅದು ಸುಳ್ಳು.

ನೆಲದ ಮೇಲೆ ಓಡುವ ಕಂದು ಜೇಡ, ರಾತ್ರಿ ಟಾರ್ಚ್ ಬಿಟ್ಟರೆ ಕಣ್ಣು ಫಳಫಳ ಅನ್ನುತ್ತದೆ, ಬೆನ್ನ ಮೇಲೆ ಮರಿಗಳ ರಾಶಿ. ಇದು ತೋಳ ಜೇಡ. ಪೊರಕೆಯಿಂದ ಹೊಡೆಯಬೇಡಿ, ಮರಿಗಳೆಲ್ಲ ದಿಕ್ಕಾಪಾಲಾಗಿ ಮನೆ ತುಂಬ ಹರಡುತ್ತವೆ.

ಹೆಜ್ಜೆ 4: ವಿಡೋ ಹೌದೋ ಅಲ್ಲವೋ

ಎಲ್ಲರೂ ಎಡವುವುದು ಇಲ್ಲಿ. ಮನುಷ್ಯರಿಗೆ ತೊಂದರೆ ಕೊಡುವ ಆ ಕೆಲವರಲ್ಲಿ ಬ್ಲ್ಯಾಕ್ ವಿಡೋ ಗುಂಪಿನ ಜೇಡಗಳೂ ಸೇರಿವೆ, ಅವುಗಳ ಗುರುತು ಕೆಂಪು ಡಮರು ಅಂತ ಎಲ್ಲರಿಗೂ ಗೊತ್ತು. ಆದರೆ ಅದನ್ನು ಬೆನ್ನಿನ ಮೇಲೆ ಹುಡುಕುತ್ತಾರೆ, ಕಾಣದಿದ್ದರೆ ‘ಹಾಗಾದ್ರೆ ಇದಲ್ಲ’ ಅಂತ ಬೆರಳು ಹಾಕುತ್ತಾರೆ. ಡಮರು ಇರುವುದು ಹೊಟ್ಟೆಯ ಅಡಿಭಾಗದಲ್ಲಿ. ಈ ಜೇಡ ಬಲೆಯಲ್ಲಿ ಅಂಗಾತ ನೇತಾಡುವುದರಿಂದ ಹೊಟ್ಟೆ ಮೇಲಕ್ಕೆ, ಬೆನ್ನು ಕೆಳಕ್ಕೆ. ಅಂದರೆ ನೀವು ಬಗ್ಗಿ ಕೆಳಗಿನಿಂದ ನೋಡಿದರೆ ಕಾಣುವುದು ಬರೀ ಬೆನ್ನು. ತೆರೆದ ಜಾಗದ ಬಲೆಯಾದರೆ ಮೇಲಿನಿಂದ ನೋಡಿ. ಕುರ್ಚಿ, ಮೇಜಿನ ಅಡಿಯಾದರೆ ಹೊಟ್ಟೆ ಹಲಗೆಯ ಕಡೆ ತಿರುಗಿರುತ್ತದೆ. ಆಗ ತಲೆ ತೂರಿಸಬೇಡಿ, ಕುರ್ಚಿಯನ್ನು ನಿಧಾನಕ್ಕೆ ಪಕ್ಕಕ್ಕೆ ವಾಲಿಸಿ, ಒಂದು ಮಾರು ದೂರದಿಂದ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ.

ಹಗಲಲ್ಲಿ ಹುಡುಕಿದರೆ ಬಲೆ ಮಾತ್ರ ಸಿಗುತ್ತದೆ, ಜೇಡ ಸಂದಿಯೊಳಗೆ ಮುದುಡಿಕೊಂಡಿರುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ, ಬಲೆಯ ನಡುವೆ ಬಂದು ನೇತಾಡುತ್ತಿರುತ್ತದೆ. ಫ್ಲ್ಯಾಶ್ ಬೇಡ, ಹೊಳೆಯುವ ಮೈಗೆ ಬೆಳಕು ಬಡಿದು ಬಣ್ಣವೇ ತಿಳಿಯುವುದಿಲ್ಲ. ಟಾರ್ಚ್ ಪಕ್ಕದಿಂದ ಬಿಡಿ.

ಬಲೆಯನ್ನೂ ಪರೀಕ್ಷೆ ಮಾಡಬಹುದು. ಉದ್ದನೆಯ ಕಡ್ಡಿ ತೆಗೆದುಕೊಂಡು ಒಂದು ಎಳೆಯನ್ನು ಮೆಲ್ಲಗೆ ಎಳೆಯಿರಿ. ಮಾಮೂಲಿ ಜೇಡದ ಬಲೆ ಕಡ್ಡಿಗೆ ಸುಮ್ಮನೆ ಮೆತ್ತಿಕೊಂಡು ಬರುತ್ತದೆ. ವಿಡೋ ಬಲೆ ಬಿಗಿಯಾಗಿ ಎಳೆದು ಹಿಡಿಯುತ್ತದೆ, ಕಡಿಯುವಾಗ ಕಾಗದ ಹರಿದ ಹಾಗೆ ಚರ್ ಅನ್ನುತ್ತದೆ. ಬಲೆಯಿಂದ ನೆಲದವರೆಗೆ ನೆಟ್ಟಗೆ ಇಳಿಬಿಟ್ಟ ಎಳೆಗಳೂ ಇರುತ್ತವೆ. ಅವುಗಳ ಬುಡದಲ್ಲಿ ಅಂಟಿನ ಹನಿಗಳು, ನೆಲದಲ್ಲಿ ಹರಿದಾಡುವ ಹುಳ ಹಿಡಿಯಲು.

ಬಣ್ಣವನ್ನು ಮಾತ್ರ ನಂಬಬೇಡಿ. ಅಮೆರಿಕದ ಬ್ಲ್ಯಾಕ್ ವಿಡೋ ಕಪ್ಪಗೆ ಮಿರಮಿರ ಮಿಂಚುತ್ತದೆ, ಸರಿ. ಆಸ್ಟ್ರೇಲಿಯಾದ ರೆಡ್‌ಬ್ಯಾಕ್‌ಗೆ ಬೆನ್ನ ಮೇಲೂ ಕೆಂಪು ಪಟ್ಟಿ ಇರುತ್ತದೆ. ಬೆಚ್ಚಗಿನ ದೇಶಗಳಲ್ಲೆಲ್ಲ ಹರಡಿರುವ ಬ್ರೌನ್ ವಿಡೋ ಮಾತ್ರ ಬೂದು, ಕಂದು, ಕೆಲವೊಮ್ಮೆ ಕಪ್ಪು, ಕಾಲಿಗೆ ಪಟ್ಟೆ, ಡಮರು ಕಿತ್ತಳೆ ಬಣ್ಣ. ಇದಕ್ಕೆ ಜೇಡಕ್ಕಿಂತ ಮೊಟ್ಟೆ ಚೀಲವೇ ಒಳ್ಳೆಯ ಗುರುತು: ಕೆನೆ ಬಣ್ಣದ ಸಣ್ಣ ಗುಂಡು, ಮೈಯೆಲ್ಲ ಮುಳ್ಳು ಮುಳ್ಳು. ಮುಳ್ಳಿನ ಗುಂಡು ಕಂಡರೆ ಜೇಡ ಕಾಣದಿದ್ದರೂ ಬ್ರೌನ್ ವಿಡೋ ಇದೆ ಅಂತಲೇ ತಿಳಿಯಿರಿ. ಸಾಮಾನ್ಯವಾಗಿ ಇದರ ಕಡಿತ ಬ್ಲ್ಯಾಕ್ ವಿಡೋ ಕಡಿತದಷ್ಟು ಜೋರಲ್ಲ.

ಇದೇ ಆಕಾರದ ಇನ್ನೊಂದಿದೆ, ಸ್ಟಿಯಾಟೋಡಾ. ಅದೇ ಗುಂಡು ಹೊಟ್ಟೆ, ಅದೇ ಸಿಕ್ಕು ಬಲೆ, ಹೊಟ್ಟೆಯ ಮುಂಭಾಗದಲ್ಲಿ ಹೆಚ್ಚಾಗಿ ತಿಳಿ ಬಣ್ಣದ ಪಟ್ಟಿ, ಆದರೆ ಅಡಿಯಲ್ಲಿ ಡಮರು ಇಲ್ಲ. ಇದಕ್ಕೇ ಹೇಳಿದ್ದು, ಹೊಟ್ಟೆ ನೋಡದೆ ತೀರ್ಪು ಕೊಡಬೇಡಿ ಅಂತ.

ಹೆಜ್ಜೆ 5: ರೆಕ್ಲೂಸ್ ಅನುಮಾನ ಬಂದರೆ ಕಣ್ಣು ಎಣಿಸಿ

ತೊಂದರೆ ಕೊಡುವ ಇನ್ನೊಂದು ಜೇಡ ಬ್ರೌನ್ ರೆಕ್ಲೂಸ್, ಇದು ಇರುವುದು ಅಮೆರಿಕದ ದಕ್ಷಿಣ ಮತ್ತು ಮಧ್ಯ ಭಾಗದಲ್ಲಿ. ಅದರ ಬಂಧುಗಳು ದಕ್ಷಿಣ ಅಮೆರಿಕದಲ್ಲಿವೆ, ಮೆಡಿಟರೇನಿಯನ್ ಕಡೆಯದೊಂದು ಬೇರೆ ಬೇರೆ ದೇಶಗಳಿಗೂ ಹರಡಿದೆ. ಬೆನ್ನ ಮೇಲೆ ಪಿಟೀಲಿನ ಗುರುತು ಇರುತ್ತದೆ ಅನ್ನುತ್ತಾರೆ. ಆ ಗುರುತು ಹುಡುಕುತ್ತಾ ಕೂತರೆ ಕಂದು ಬಣ್ಣದ ಪ್ರತಿ ಜೇಡದ ಮೇಲೂ ಪಿಟೀಲು ಕಾಣಲು ಶುರುವಾಗುತ್ತದೆ! ಕಣ್ಣೇ ಖಾತ್ರಿ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು. ಇದಕ್ಕೆ ಆರು, ಅದೂ ಎರಡೆರಡರ ಮೂರು ಜೋಡಿ: ಮುಂದೆ ಒಂದು, ಅಕ್ಕಪಕ್ಕ ಒಂದೊಂದು.

ನೋಡುವುದು ಹೇಗೆ ಅಂದರೆ, ಗಾಜಿನ ಲೋಟ ಬೋರಲು ಹಾಕಿ, ಅಡಿಗೆ ಗಟ್ಟಿ ರಟ್ಟು ತೂರಿಸಿ, ಹೊರಗಿನಿಂದಲೇ ಭೂತಗನ್ನಡಿ ಹಿಡಿಯಿರಿ. ಲೋಟದ ಅಂಚಿಗೆ ಕಾಲು ಸಿಕ್ಕದ ಹಾಗೆ ನಿಧಾನಕ್ಕೆ ಇಳಿಸಿ. ಉಗುಳುವ ಜೇಡಕ್ಕೂ ಇದೇ ತರಹ ಆರು ಕಣ್ಣು, ಆದರೆ ಅದರ ಮುಂಭಾಗ ಗೂನು ಬೆನ್ನಿನ ಹಾಗೆ ಉಬ್ಬಿರುತ್ತದೆ, ಮೈಮೇಲೆ ಚುಕ್ಕೆ ಇರುತ್ತದೆ, ನಡೆಯೂ ಮಂದ. ರೆಕ್ಲೂಸ್ ಚಪ್ಪಟೆ, ಹೊಟ್ಟೆ ಒಂದೇ ಬಣ್ಣ, ಕಾಲಿನಲ್ಲಿ ಮುಳ್ಳಿಲ್ಲ.

ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳು ಶುರುವಿಗೆ ಪರವಾಗಿಲ್ಲ, ತೀರ್ಪಿಗೆ ಬೇಡ. ಪ್ಲಗ್‌ಗೆ ಚುಚ್ಚಿ ‘ಕೇಳಿಸದ ಶಬ್ದದಿಂದ ಜೇಡ ಓಡಿಸುವ’ ಡಬ್ಬಿಗೆ ದುಡ್ಡು ಹಾಕಬೇಡಿ, ಅದರ ಮೇಲೆಯೇ ಜೇಡ ಬಲೆ ಕಟ್ಟಿದರೂ ಆಶ್ಚರ್ಯವಿಲ್ಲ. ಸ್ಪ್ರೇ ನೇರ ಮೈಗೆ ಬಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಹಾಗಿದ್ದ ಮೇಲೆ ಉದ್ದ ಹಿಡಿಯ ಪೊರಕೆಯೇ ಸಾಕಲ್ವಾ? ಮೂಲೆಯಲ್ಲಿ ರಾಶಿ ಬಿದ್ದ ರಟ್ಟಿನ ಪೆಟ್ಟಿಗೆ ಖಾಲಿ ಮಾಡಿ, ಬಹಳ ದಿನ ಇಟ್ಟ ಶೂ, ಕೈಗವಸನ್ನು ಕೊಡವಿ ಹಾಕಿಕೊಳ್ಳಿ. ರೆಕ್ಲೂಸ್ ಕಚ್ಚುವುದು ಹೆಚ್ಚಾಗಿ ಹೀಗೆ ಬಟ್ಟೆ, ಶೂಗಳ ಒಳಗೆ ಅದುಮಿಹೋದಾಗಲೇ.

ಹೆಜ್ಜೆ 6: ಕಚ್ಚಿದೆ ಅನ್ನಿಸಿದರೆ

ಮೊದಲು, ಕಚ್ಚಿದ್ದನ್ನು ಕಣ್ಣಾರೆ ಕಂಡಿರಾ? ಬೆಳಗ್ಗೆ ಎದ್ದಾಗ ಚರ್ಮದ ಮೇಲೆ ಸುಟ್ಟ ಹಾಗೆ ಉದ್ದ ಕೆಂಪು ಗೆರೆ, ನೀರುಗುಳ್ಳೆ ಇದ್ದರೆ ಎಲ್ಲರೂ ಜೇಡವನ್ನೇ ಬೈಯುತ್ತಾರೆ. ಆದರೆ ರಾತ್ರಿ ದೀಪಕ್ಕೆ ಬರುವ, ಕಪ್ಪು-ಕಿತ್ತಳೆ ಪಟ್ಟೆಯ ಪೀಡರಸ್ ಎಂಬ ಪುಟ್ಟ ಹುಳ ಮೈಮೇಲೆ ಉಜ್ಜಿಹೋದರೂ ಹೀಗೇ ಆಗುತ್ತದೆ. ಕೀವು ಕಟ್ಟಿದ ಹುಣ್ಣು ಎಷ್ಟೋ ಸಲ ಬ್ಯಾಕ್ಟೀರಿಯಾ ಸೋಂಕು, ಅದಕ್ಕೆ ಬೇಕಾದ ಔಷಧಿಯೇ ಬೇರೆ.

ಜೇಡವೇ ಕಚ್ಚಿದ್ದರೆ ಸೋಪು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ದಾರ ಕಟ್ಟುವುದು ಬೇಡವೇ ಬೇಡ. ವಿಡೋ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ನೋವು ಕಚ್ಚಿದ ಜಾಗ ಬಿಟ್ಟು ಮೇಲಕ್ಕೆ ಹರಡುವುದು, ವಿಪರೀತ ಬೆವರು, ಹೊಟ್ಟೆ ಕಲ್ಲಿನಂತೆ ಬಿಗಿಯುವುದು ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಕ್ಕಳಾದರೆ ಅಷ್ಟು ಹೊತ್ತೂ ಕಾಯಬೇಡಿ. ರೆಕ್ಲೂಸ್ ಕಡಿತ ಮೊದಲಿಗೆ ಗೊತ್ತೇ ಆಗದಿರಬಹುದು, ಗಂಟೆಗಳ ನಂತರ ನೋವು ಏರಿ ನಡುಭಾಗ ನೀಲಿಗಟ್ಟಿದರೆ ವೈದ್ಯರಿಗೆ ತೋರಿಸಿ.

ಆಸ್ಟ್ರೇಲಿಯಾದ ಸಿಡ್ನಿ ಸುತ್ತಮುತ್ತಲಿನ ಫನಲ್-ವೆಬ್ ಜೇಡದ ಲೆಕ್ಕ ಬೇರೆ. ಕಪ್ಪಗೆ ಹೊಳೆಯುವ ಗಟ್ಟಿ ಮೈ, ಕೆಣಕಿದರೆ ಮುಂಗಾಲೆತ್ತಿ ನಿಲ್ಲುತ್ತದೆ, ಹೆಣ್ಣಿಗಿಂತ ಗಂಡಿನ ವಿಷವೇ ಜೋರು. ಇದು ಕಚ್ಚಿದರೆ ಮಾತ್ರ ಇಡೀ ಕೈ ಅಥವಾ ಕಾಲಿಗೆ ಅಗಲ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಅಲುಗಾಡದಂತೆ ಇಟ್ಟು, ಆಂಬುಲೆನ್ಸ್ ಕರೆಸಬೇಕು. 1981ರಿಂದ ಇದಕ್ಕೆ ಪ್ರತಿವಿಷ ಇದೆ. ರೆಡ್‌ಬ್ಯಾಕ್ ಕಚ್ಚಿದವರಿಗೆ ಇದೇ ಬ್ಯಾಂಡೇಜ್ ಸುತ್ತಬೇಡಿ, ನೋವು ಇನ್ನೂ ಜಾಸ್ತಿಯಾಗುತ್ತದೆ.