ಆಸ್ಟ್ರೇಲಿಯಾದ ನೋಟಿನ ಮೇಲಿರುವವರು ಯಾರು?

ಆಸ್ಟ್ರೇಲಿಯಾಕ್ಕೆ ಬಂದ ಹೊಸದರಲ್ಲಿ ನಾವೆಲ್ಲ ನೋಟನ್ನು ಬಣ್ಣದಿಂದಲೇ ಗುರುತು ಹಿಡಿಯುತ್ತೇವೆ. ಹಳದಿ ಅಂದ್ರೆ ಐವತ್ತು, ಕೆಂಪು ಅಂದ್ರೆ ಇಪ್ಪತ್ತು. ಎಲ್ಲ ಕಡೆ ಕಾರ್ಡೇ ನಡೆಯುವುದರಿಂದ ಈಗ ನೋಟು ಕೈಗೆ ಸಿಗುವುದೇ ಅಪರೂಪ. ಸಿಕ್ಕಾಗ ಒಮ್ಮೆ ತಿರುಗಿಸಿ ನೋಡಿ. ಈ ದೇಶ ಯಾರನ್ನು ನೆನಪಿಟ್ಟುಕೊಂಡಿದೆ ಅನ್ನುವುದು ಅದರಲ್ಲೇ ಅಚ್ಚಾಗಿದೆ.

ಭಾರತದ ನೋಟಿನಲ್ಲಿ ಗಾಂಧೀಜಿ ಮುಖ ನೋಡಿ ಬೆಳೆದ ನಮಗೆ ಇಲ್ಲಿನ ಪದ್ಧತಿ ಬೇರೆ ಅನ್ನಿಸುತ್ತದೆ. 10, 20, 50, 100 ಡಾಲರ್ ನೋಟುಗಳಲ್ಲಿ ಒಂದು ಬದಿಗೆ ಗಂಡಸು, ಇನ್ನೊಂದು ಬದಿಗೆ ಹೆಂಗಸು. ಪ್ರಧಾನಿಯಾಗಿದ್ದವರು ಒಬ್ಬರೂ ಇಲ್ಲ. ಹತ್ತರಲ್ಲಿ ಇಬ್ಬರು ಕವಿಗಳು: ಬ್ಯಾಂಜೊ ಪ್ಯಾಟರ್ಸನ್ ಮತ್ತು ಮೇರಿ ಗಿಲ್ಮೋರ್. ನೂರರಲ್ಲಿ ಗಾಯಕಿ ನೆಲ್ಲಿ ಮೆಲ್ಬಾ, ಜೊತೆಗೆ ಇಂಜಿನಿಯರ್ ಮತ್ತು ಸೇನಾನಿ ಜಾನ್ ಮೊನಾಶ್. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯಕ್ಕೆ ಇವರದೇ ಹೆಸರು.

ಇಪ್ಪತ್ತರಲ್ಲಿರುವ ಮೇರಿ ರೀಬಿ ಕತೆ ಕೇಳಿ. ಇಂಗ್ಲೆಂಡಿನಲ್ಲಿ ಹುಡುಗನ ವೇಷ ಹಾಕಿ ಓಡಾಡುತ್ತಿದ್ದ ಹುಡುಗಿ, ಕುದುರೆ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದಳು. 1792ರಲ್ಲಿ ಕೈದಿಯಾಗಿ ಸಿಡ್ನಿಗೆ ಬಂದಳು. ಗಂಡ ತೀರಿಕೊಂಡ ಮೇಲೆ ಏಳು ಮಕ್ಕಳನ್ನು ಸಾಕುತ್ತಲೇ ಹಡಗು, ಗೋದಾಮುಗಳ ವ್ಯಾಪಾರ ನಡೆಸಿ ಊರಿನ ಶ್ರೀಮಂತರಲ್ಲಿ ಒಬ್ಬಳಾದಳು. ಕೈದಿಯಾಗಿ ಬಂದವಳನ್ನು ನೋಟಿಗೆ ಏರಿಸಿದ ಈ ದೇಶದ ಧೈರ್ಯ ನನಗೆ ಬಹಳ ಇಷ್ಟ. ಇನ್ನೊಂದು ಬದಿಯ ಜಾನ್ ಫ್ಲಿನ್, ದೂರದ ಒಳನಾಡಿಗೆ ವಿಮಾನದಲ್ಲಿ ಡಾಕ್ಟರನ್ನು ಕಳಿಸುವ ಸೇವೆಯನ್ನು 1928ರಲ್ಲಿ ಶುರು ಮಾಡಿದವರು. ಆ ಸೇವೆ ಇವತ್ತಿಗೂ ನಡೆಯುತ್ತಿದೆ.

ಒಂದೇ ಒಂದು ನೋಟು ನೋಡಲು ಪುರುಸೊತ್ತಿದ್ದರೆ ಐವತ್ತನ್ನು ನೋಡಿ. ಅದರ ಮೇಲಿರುವ ಡೇವಿಡ್ ಯುನೈಪನ್ ದಕ್ಷಿಣ ಆಸ್ಟ್ರೇಲಿಯಾದ ನರಿಂಜೆರಿ ಮೂಲನಿವಾಸಿ ಸಮುದಾಯದವರು. ಕುರಿ ಉಣ್ಣೆ ಕತ್ತರಿಸುವ ಯಂತ್ರದ ಕೈಹಿಡಿಯನ್ನು ಸುಧಾರಿಸಿ 1909ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅದರಿಂದ ಅವರ ಕೈಗೆ ದುಡ್ಡು ಬರಲಿಲ್ಲ. ಊರೂರು ಸುತ್ತಿ ತಮ್ಮ ಜನರ ಕತೆಗಳನ್ನು ಬರೆದಿಟ್ಟರು. 1930ರಲ್ಲಿ ಅವು ಪುಸ್ತಕವಾಗಿ ಬಂದಾಗ ಅದರ ಮೇಲೆ ಇದ್ದದ್ದು ಬೇರೆಯವರ ಹೆಸರು. ಮೂಲನಿವಾಸಿಗಳನ್ನೂ ದೇಶದ ಜನಗಣತಿಯಲ್ಲಿ ಸೇರಿಸಬೇಕು ಎಂದು ಜನ ಮತ ಹಾಕಿದ್ದು 1967ರ ಮೇ ತಿಂಗಳಲ್ಲಿ. ಯುನೈಪನ್ ಅದೇ ವರ್ಷ ಫೆಬ್ರುವರಿಯಲ್ಲಿ ತೀರಿಕೊಂಡಿದ್ದರು. ನೋಟಿನ ಹಿಂಬದಿಯಲ್ಲಿರುವ ಎಡಿತ್ ಕೋವನ್, 1921ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಶಾಸನಸಭೆಗೆ ಗೆದ್ದು, ಈ ದೇಶದ ಮೊದಲ ಶಾಸಕಿಯಾದವರು.

ಮೂಲನಿವಾಸಿಗಳಿಗೂ ನೋಟಿಗೂ ಇನ್ನೊಂದು ಹಳೆಯ ನಂಟಿದೆ, ಅದು ನೋವಿನದು. 1966ರಲ್ಲಿ ಡಾಲರ್ ಶುರುವಾದಾಗ ಒಂದು ಡಾಲರ್ ನೋಟಿನ ಮೇಲೆ ಮರದ ತೊಗಟೆಯ ಮೇಲೆ ಬಿಡಿಸಿದ ಚಿತ್ರವೊಂದನ್ನು ಬಳಸಿಕೊಂಡರು. ಬಿಡಿಸಿದ ಡೇವಿಡ್ ಮಲಂಗಿ ದೇಶದ ಉತ್ತರ ತುದಿಯ ಆರ್ನೆಮ್ ಲ್ಯಾಂಡಿನಲ್ಲಿ ಬದುಕಿದ್ದರು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ವಿಷಯ ಹೊರಬಿದ್ದ ಮೇಲೆ ರಿಸರ್ವ್ ಬ್ಯಾಂಕ್ 1,000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಾಮಾನು ಕೊಟ್ಟಿತು. ಮೂಲನಿವಾಸಿ ಕಲಾವಿದರ ಹಕ್ಕಿನ ಮಾತು ಬಂದಾಗ ಈ ಪ್ರಕರಣವನ್ನು ಈಗಲೂ ನೆನೆಯುತ್ತಾರೆ.

ಈಗ ಐದು ಡಾಲರ್ ನೋಟಿನ ಸರದಿ. ಅದರಲ್ಲಿರುವುದು ಎರಡನೇ ಎಲಿಜಬೆತ್ ರಾಣಿ. ಅವರ ಜಾಗಕ್ಕೆ ರಾಜ ಚಾರ್ಲ್ಸ್ ಬರುವುದಿಲ್ಲ, ಮೂಲನಿವಾಸಿಗಳ ಸಂಸ್ಕೃತಿ, ಇತಿಹಾಸವನ್ನು ಗೌರವಿಸುವ ಚಿತ್ರ ಬರುತ್ತದೆ ಎಂದು ರಿಸರ್ವ್ ಬ್ಯಾಂಕ್ 2023ರ ಫೆಬ್ರುವರಿಯಲ್ಲಿ ಹೇಳಿತು. ನಾಣ್ಯಗಳ ಮೇಲೆ ಮಾತ್ರ ಚಾರ್ಲ್ಸ್ ಬಂದಿದ್ದಾರೆ.

ಇನ್ನು ದಿನನಿತ್ಯಕ್ಕೆ ಬೇಕಾದ ಮಾತು. ಹೊಸ ನೋಟುಗಳ ಉದ್ದನೆಯ ಅಂಚಿನಲ್ಲಿ ಬೆರಳಾಡಿಸಿದರೆ ಸಣ್ಣ ಉಬ್ಬುಗಳು ಸಿಗುತ್ತವೆ: ಐದಕ್ಕೆ ಒಂದು, ಹತ್ತಕ್ಕೆ ಎರಡು, ಹೀಗೆ ನೂರಕ್ಕೆ ಐದು. ಕಣ್ಣು ಕಾಣದವರಿಗೆ ಅಂತ ಮಾಡಿದ್ದು. ಕ್ರಿಸ್‌ಮಸ್ಸಿಗೆ ಸಿಕ್ಕ ದುಡ್ಡು ಎಷ್ಟು ಅಂತ ತಿಳಿಯದೆ ಬೇಸರಪಟ್ಟ ಸಿಡ್ನಿಯ ಒಬ್ಬ ಹುಡುಗ ಸಹಿ ಸಂಗ್ರಹಿಸಿ ಒತ್ತಾಯಿಸಿದ. ಹೊಸ ನೋಟು ಅಸಲಿಯೇ ಅಂತ ಅನುಮಾನ ಬಂದರೆ ಆಚೀಚೆ ವಾಲಿಸಿ. ಪಾರದರ್ಶಕ ಪಟ್ಟಿಯಲ್ಲಿರುವ ಹಕ್ಕಿ ರೆಕ್ಕೆ ಬಡಿದ ಹಾಗೆ ಕಾಣಬೇಕು. ಇಪ್ಪತ್ತರಲ್ಲಿ ಅದು ಕೂಕಬರ, ಐವತ್ತರಲ್ಲಿ ಕಪ್ಪು ಹಂಸ.

ನೋಟು ಹರಿದು ತುಂಡು ಕಳೆದುಹೋದರೆ ಬಿಸಾಡಬೇಡಿ, ಬ್ಯಾಂಕಿಗೆ ಒಯ್ಯಿರಿ. ಕಳೆದದ್ದು ಶೇ. 20ಕ್ಕಿಂತ ಕಡಿಮೆ ಇದ್ದರೆ ಪೂರ್ತಿ ಬೆಲೆ ಸಿಗುತ್ತದೆ, ಅದಕ್ಕಿಂತ ಜಾಸ್ತಿ ಹೋಗಿದ್ದರೆ ಉಳಿದಷ್ಟಕ್ಕೆ ತಕ್ಕಂತೆ. ಶೇ. 80ಕ್ಕಿಂತ ಹೆಚ್ಚು ಹೋಗಿದ್ದರೆ ಏನೂ ಇಲ್ಲ. ಯಾರಾದರೂ ಹಳೆಯ ವಿನ್ಯಾಸದ ನೋಟು ಕೊಟ್ಟರೂ ಗಾಬರಿ ಬೇಡ. ಇಲ್ಲಿ ಹಳೆಯ ನೋಟುಗಳನ್ನು ರದ್ದು ಮಾಡುವ ಪದ್ಧತಿ ಇಲ್ಲ. ಹೊಸ ಐದು ಬಂದ ಮೇಲೂ ನಿಮ್ಮ ಪರ್ಸಿನಲ್ಲಿರುವ ರಾಣಿಯ ಐದು ನಡೆಯುತ್ತದೆ.