ಕನ್ನಡ ಜಾಲತಾಣ ಕಟ್ಟುವಾಗ ಅಕ್ಷರ ಕೆಡುವ ಜಾಗಗಳು

ಕನ್ನಡದ ಜಾಲತಾಣ ಕಟ್ಟುವಾಗ ವಿನ್ಯಾಸಕ್ಕೆ ಕೈಹಾಕುವ ಮುನ್ನ ನಾನು ಅಕ್ಷರ ಸಾಗುವ ದಾರಿ ನೋಡುತ್ತೇನೆ. ಕಡತ, ಡೇಟಾಬೇಸ್, ಸರ್ವರ್, ಬ್ರೌಸರ್ ನಾಲ್ಕೂ ಕಡೆ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ಪದ್ಧತಿ, ಅಂದರೆ ಎನ್‌ಕೋಡಿಂಗ್) ಇದ್ದರೆ ಮೈಸೂರಿನಲ್ಲಿ ಏರಿಸಿದ ಪುಟ ದುಬೈಯಲ್ಲೂ ಹಾಗೇ ತೆರೆದುಕೊಳ್ಳುತ್ತದೆ. ಎಲ್ಲಿ ತಪ್ಪಿದೆ ಎಂಬುದು ಅಕ್ಷರ ಕೆಟ್ಟ ರೀತಿಯಲ್ಲೇ ಗೊತ್ತಾಗುತ್ತದೆ.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಕನ್ನಡ’ ಎಂದರೆ ಕ, ನ, ಹಲಂತ, ನ, ಡ. 5 ಸಂಕೇತ, 15 ಬೈಟ್. ಪುಟದ ತುಂಬ ಮೂರು ಮೂರರಂತೆ ಅಪರಿಚಿತ ಚಿಹ್ನೆಗಳು ಕಂಡರೆ, ಸಾಮಾನ್ಯವಾಗಿ ಪಠ್ಯ ಕ್ಷೇಮವಾಗಿರುತ್ತದೆ. ಬ್ರೌಸರ್‌ಗೆ ಎನ್‌ಕೋಡಿಂಗ್ ತಪ್ಪಾಗಿ ತಿಳಿಸಲಾಗಿದೆ, ಅಷ್ಟೆ. ಎನ್‌ಕೋಡಿಂಗ್ ತಿಳಿಸುವ ಮೆಟಾ ಟ್ಯಾಗ್ ಪುಟದ ಮೊದಲ 1024 ಬೈಟ್‌ಗಳೊಳಗೆ ಇರಬೇಕು. ಅದು ಸರಿಯಿದ್ದೂ ತೊಂದರೆ ಹೋಗದಿದ್ದರೆ ಸರ್ವರ್ ಪುಟದ ಜೊತೆ ಕಳಿಸುವ ಮಾಹಿತಿ, ಅಂದರೆ ಹೆಡರ್ ನೋಡಿ, ಟ್ಯಾಗ್‌ಗಿಂತ ಅದರ ಮಾತೇ ನಡೆಯುವುದು.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಎದೆ ಧಸಕ್ಕೆನ್ನಬೇಕು. ಡೇಟಾಬೇಸ್‌ನಲ್ಲಿರುವುದನ್ನು ಹೆಕ್ಸ್‌ನಲ್ಲಿ (ಬೈಟ್‌ಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುವ ರೂಪ) ತೆಗೆದು ನೋಡಿ. ಇ0 (E0) ಎಂದು ಶುರುವಾಗುವ ಮೂರರ ಗುಂಪುಗಳಿದ್ದರೆ ಪಠ್ಯ ಉಳಿದಿದೆ, ಡೇಟಾಬೇಸ್ ಸಂಪರ್ಕದ ಎನ್‌ಕೋಡಿಂಗ್ ತಿದ್ದಿದರೆ ಸಾಕು. ಬರೀ 3ಎಫ್ (3F, ಪ್ರಶ್ನಾರ್ಥಕ ಚಿಹ್ನೆಯ ಸಂಕೇತ) ಇದ್ದರೆ ಬರೆಯುವಾಗಲೇ ಕಳೆದಿದೆ, ಬ್ಯಾಕಪ್ ಒಂದೇ ಗತಿ. ಹಾಗಾಗಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಟೇಬಲ್‌ಗೂ ಸಂಪರ್ಕಕ್ಕೂ ಯುಟಿಎಫ್8ಎಂಬಿ4 (ಅಲ್ಲಿ ಪೂರ್ಣ ಯುಟಿಎಫ್-8ಕ್ಕೆ ಇರುವ ಹೆಸರು) ಕೊಟ್ಟ ಮೇಲೇ ಮೊದಲ ಲೇಖನ ಸೇರಿಸುತ್ತೇನೆ.

ನುಡಿ ತಂತ್ರಾಂಶದ ಹಳೆಯ ಆಸ್ಕಿ (ಫಾಂಟ್‌ಗೆ ಕಟ್ಟುಬಿದ್ದ ಸಂಕೇತ) ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಕಣ್ಣಿಟ್ಟು ನೋಡಬೇಕಾದದ್ದು ಅರ್ಕಾವತ್ತು. ಹಳೆಯ ಫಾಂಟ್‌ನಲ್ಲಿ ಅದು ಕಾಣುವಂತೆಯೇ ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ‘ಸೂರ್ಯ’ದ ರಕಾರ ಯಕಾರಕ್ಕಿಂತ ಮೊದಲು ಬರಬೇಕು. ‘ವರ್ಷ’, ‘ಕಾರ್ಯ’, ‘ಧರ್ಮ’ ಹುಡುಕಿ ಸಿಗುತ್ತವೆಯೇ ಎಂದು ಪರೀಕ್ಷಿಸಿ.

ಹುಡುಕಾಟದಲ್ಲಿ ಇನ್ನೊಂದು ಕಾಣದ ತೊಡಕಿದೆ. ‘ರಾಜ್‌ಕುಮಾರ್’ ಬರೆಯುವಾಗ ಜ್ ಮತ್ತು ಕು ಒತ್ತಾಗದಂತೆ ನಡುವೆ ಶೂನ್ಯ ಅಗಲದ ಚಿಹ್ನೆ ಕೂತಿರುತ್ತದೆ. ಓದುಗರು ಅದಿಲ್ಲದೆ ಟೈಪ್ ಮಾಡಿದರೆ ಫಲಿತಾಂಶ ಬಾರದಿರಬಹುದು. ಮೂಲ ಪಠ್ಯದಲ್ಲಿ ಅದನ್ನು ಹಾಗೇ ಬಿಟ್ಟು, ಹುಡುಕಾಟದ ಸೂಚಿಯಿಂದಲೂ ಪ್ರಶ್ನೆಯಿಂದಲೂ ತೆಗೆಯುತ್ತೇನೆ. ಲೇಖನದ ಆಯ್ದ ಸಾಲು ತೋರಿಸುವಾಗ ಬೈಟ್ ಎಣಿಸಿ ಕತ್ತರಿಸಬಾರದು, ಪದಗಳ ನಡುವಿನ ಖಾಲಿ ಜಾಗದಲ್ಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಅರ್ಧ ಅಕ್ಷರ ಉಳಿಯುತ್ತದೆ.

ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ ಸಾಕು. ಅದರ ಗಾತ್ರ ಇಳಿಸುವ ಆತುರದಲ್ಲಿ ಅಕ್ಷರಗಳನ್ನು ಒತ್ತಾಗಿ ಕೂಡಿಸುವ ಜಿಸಬ್ (GSUB) ಕೋಷ್ಟಕ ಕಳೆದುಹೋದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗುತ್ತವೆ. ಸಾಲಿನ ಎತ್ತರ ಅಕ್ಷರ ಗಾತ್ರದ ಕನಿಷ್ಠ 1.6 ಪಟ್ಟು ಇಡುತ್ತೇನೆ, ಇಂಗ್ಲಿಷ್‌ಗೆ ಒಗ್ಗುವ 1.2ರಲ್ಲಿ ‘ಸ್ತ್ರೀ’ಯ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ.

ಸರ್ವರ್ ಬದಲಿಸುವುದಿದ್ದರೆ ತಾಣದ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ದಾಖಲೆಯ ಟಿಟಿಎಲ್ (ಹಳೆಯ ವಿಳಾಸವನ್ನು ಇತರ ಯಂತ್ರಗಳು ನೆನಪಿಟ್ಟುಕೊಳ್ಳುವ ಅವಧಿ) 86400 ಸೆಕೆಂಡ್, ಅಂದರೆ ಒಂದು ದಿನ ಇದೆಯೇ ನೋಡಿ. ಇದ್ದರೆ ಒಂದು ದಿನ ಮೊದಲೇ 300ಕ್ಕೆ ಇಳಿಸಿ, ಬದಲಾದ ಮೇಲೂ ಹಳೆಯ ಸರ್ವರನ್ನು ಒಂದೆರಡು ದಿನ ನಡೆಸಿ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸುರಕ್ಷತಾ ಪ್ರಮಾಣಪತ್ರವನ್ನು ಎಚ್‌ಟಿಟಿಪಿ ವಿಧಾನದಲ್ಲಿ (ಸಂಸ್ಥೆ 80ನೇ ಪೋರ್ಟ್ ಮೂಲಕ ಬಂದು ತಾಣ ಪರೀಕ್ಷಿಸುವ ಕ್ರಮ) ಪಡೆಯುವವರು 80ನೇ ಪೋರ್ಟ್ ಮುಚ್ಚಬೇಡಿ. ಮುಚ್ಚಿದರೆ, ತಾಣ ಸುರಕ್ಷಿತ ಸಂಪರ್ಕದ 443ನೇ ಪೋರ್ಟ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದರೂ ಪ್ರಮಾಣಪತ್ರದ ನವೀಕರಣ ಸದ್ದಿಲ್ಲದೆ ನಿಂತಿರುತ್ತದೆ.