ಒಮ್ಮೆ ಒತ್ತಿದರೆ ಎರಡು ಬಾರಿ ದಾಖಲಾಗುವ ಕ್ಯಾಲ್ಕುಲೇಟರ್ ಗುಂಡಿಗಳು: ಪತ್ತೆ ಮತ್ತು ದುರಸ್ತಿ

ನಮ್ಮ ದಿನಸಿ ಅಂಗಡಿಯಲ್ಲಿ ಒಂದು ರಾತ್ರಿ ದಿನದ ಲೆಕ್ಕಕ್ಕಿಂತ ಗಲ್ಲಾಪೆಟ್ಟಿಗೆಯಲ್ಲಿ 640 ರೂಪಾಯಿ ಕಡಿಮೆ ಇತ್ತು. ಅನುಮಾನ ಕೆಲಸದ ಹುಡುಗನ ಮೇಲೆ ಹೋಯಿತು. ಮರುದಿನ ಬಿಲ್ಲುಗಳನ್ನೆಲ್ಲ ಕಾಗದದ ಮೇಲೆ ಕೈಯಲ್ಲೇ ಕೂಡಿದಾಗ, 640 ರೂಪಾಯಿಯ ಒಂದು ಬಿಲ್ಲು ಕ್ಯಾಲ್ಕುಲೇಟರಿನ ನೆನಪಿನಲ್ಲಿ ಎರಡು ಸಲ ಸೇರಿಕೊಂಡಿದ್ದು ತಿಳಿಯಿತು; ಪರದೆಯ ಮೇಲಿನ ಸಂಖ್ಯೆಯನ್ನು ನೆನಪಿಗೆ ಕೂಡಿಸುವ ಎಂ ಪ್ಲಸ್ (M+) ಗುಂಡಿಯನ್ನು ಒಮ್ಮೆ ಒತ್ತಿದರೆ ಅದು ಎರಡು ಬಾರಿ ದಾಖಲಾಗುತ್ತಿತ್ತು. ಹುಡುಗನಲ್ಲಿ ಕ್ಷಮೆ ಕೇಳಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಆ ಯಂತ್ರವನ್ನು ಬಿಚ್ಚಿದ್ದು. ಕ್ಯಾಲ್ಕುಲೇಟರನ್ನು ನಂಬಿ ಹಣ ಎಣಿಸುವ ಎಲ್ಲರಿಗೂ ಈ ದೋಷವನ್ನು ಗುರುತಿಸುವುದು ಗೊತ್ತಿರಬೇಕೆಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಅಂಕಿಯ ಗುಂಡಿ ಎರಡು ಬಾರಿ ಬಿದ್ದರೆ ಅಷ್ಟೇನೂ ಅಪಾಯವಿಲ್ಲ, ಏಕೆಂದರೆ 45 ಎಂದು ಒತ್ತಿದ್ದು 455 ಎಂದು ಮೂಡಿದರೆ ಕಣ್ಣಿಗೆ ಕಾಣುತ್ತದೆ. ಕಾಣದೆ ಮೋಸ ಮಾಡುವವು ಎಂ ಪ್ಲಸ್, ಸಮ ಚಿಹ್ನೆ ಮತ್ತು ವರ್ಗಮೂಲದಂಥ ಗುಂಡಿಗಳು. ಆದ್ದರಿಂದ ಪರೀಕ್ಷೆಯನ್ನು ಅವುಗಳಿಂದಲೇ ಆರಂಭಿಸಬೇಕು. ಪರದೆಯನ್ನೂ ನೆನಪನ್ನೂ ಪೂರ್ತಿ ಅಳಿಸಿ, 1 ಒತ್ತಿ, ಬಳಿಕ ಎಂ ಪ್ಲಸ್ ಗುಂಡಿಯನ್ನು ಎಣಿಸಿಕೊಂಡು ಹತ್ತು ಸಲ ಒತ್ತಿ. ನೆನಪನ್ನು ತೆರೆದಾಗ 10 ಬರಬೇಕು. 11 ಅಥವಾ 12 ಬಂದರೆ ದೋಷ ಅಲ್ಲಿದೆ. ಸಮ ಚಿಹ್ನೆಯನ್ನು ಮತ್ತೆ ಮತ್ತೆ ಒತ್ತಿದಾಗ ಹಿಂದಿನ ಲೆಕ್ಕವನ್ನೇ ಮುಂದುವರಿಸುವ ಯಂತ್ರಗಳಲ್ಲಿ, 1 + 1 ಎಂದು ಕೊಟ್ಟು ಸಮ ಚಿಹ್ನೆಯನ್ನು ಹತ್ತು ಸಲ ಒತ್ತಿದರೆ 11 ಬರಬೇಕು. 256 ಬರೆದು ವರ್ಗಮೂಲದ ಗುಂಡಿಯನ್ನು ಒಮ್ಮೆ ಒತ್ತಿದಾಗ 16ರ ಬದಲು 4 ಬಂದರೆ ಅದೂ ಎರಡು ಬಾರಿ ಬಿದ್ದಿದೆ ಎಂದರ್ಥ. ಕ್ಯಾಸಿಯೊ ಕಂಪನಿಯ ಅಂಗಡಿ ಬಳಕೆಯ ಹಲವು ಮಾದರಿಗಳಲ್ಲಿ ಕೂಡುವ ಅಥವಾ ಗುಣಿಸುವ ಚಿಹ್ನೆಯನ್ನು ಎರಡು ಸಲ ಒತ್ತಿದರೆ ಪರದೆಯ ಮೂಲೆಯಲ್ಲಿ ಕೆ ಎಂಬ ಅಕ್ಷರ ಮೂಡುತ್ತದೆ. ಒಮ್ಮೆ ಮಾತ್ರ ಒತ್ತಿದಾಗಲೂ ಅದು ಮೂಡಿದರೆ ಬೇರೆ ಸಾಕ್ಷಿ ಬೇಕಿಲ್ಲ. ಕೊನೆಗೆ ಅಂಕಿಗಳ ಸರದಿ: ಒಂದೊಂದನ್ನೂ ಆರು ಸಲ ನಿಧಾನವಾಗಿ, ಆರು ಸಲ ಬೇಗ ಬೇಗ, ಗುಂಡಿಯ ನಡುವೆಯೂ ಅಂಚಿನಲ್ಲೂ ಒತ್ತಿ ನೋಡಿ. ಅಂಚಿನಲ್ಲಿ ಒತ್ತಿದಾಗ ಮಾತ್ರ ತಪ್ಪುವ ಗುಂಡಿಗೆ ಸದ್ಯಕ್ಕೆ ನೇರವಾಗಿ ನಡುವೆ ಒತ್ತುವ ಅಭ್ಯಾಸವೇ ಸಾಕಾಗಬಹುದು.

ಹೀಗಾಗುವುದೇಕೆಂದು ತಿಳಿದರೆ ದುರಸ್ತಿ ಸುಲಭವಾಗುತ್ತದೆ. ಇಂದಿನ ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ ಪ್ರತಿ ಗುಂಡಿಯ ಕೆಳಗೆ ರಬ್ಬರಿನ ಸಣ್ಣ ಗುಬ್ಬಿಯಿದ್ದು, ಅದರ ಒಳಮೈಗೆ ಕಾರ್ಬನ್ನಿನ ಕಪ್ಪು ಬಿಲ್ಲೆಯೊಂದು ಅಂಟಿರುತ್ತದೆ. ಒತ್ತಿದಾಗ ಆ ಬಿಲ್ಲೆ ಕೆಳಗಿನ ಬೋರ್ಡಿನ ಮೇಲೆ ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಮುದ್ರಿಸಿದ ಗೆರೆಗಳನ್ನು ಮುಟ್ಟಿ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಒತ್ತಿದ ಕ್ಷಣದಲ್ಲಿ ಯಾವ ಸಂಪರ್ಕವೂ ಕೆಲವು ಮಿಲಿಸೆಕೆಂಡುಗಳ ಕಾಲ ನಡುಗುವುದು ಸಹಜ, ಮತ್ತು ಒಳಗಿನ ಚಿಪ್ ಅಷ್ಟು ನಡುಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನಡುವೆ ಎಣ್ಣೆಯ ಪಸೆಯೋ ದೂಳೋ ಸೇರಿದಾಗ, ಅಥವಾ ಕಾರ್ಬನ್ ಸವೆದಾಗ, ಸಂಪರ್ಕ ಅದಕ್ಕಿಂತ ಹೆಚ್ಚು ಹೊತ್ತು ಕಡಿದು ಕೂಡುತ್ತದೆ. ಚಿಪ್ ಇದನ್ನು ಬೆರಳೆತ್ತಿ ಮತ್ತೊಮ್ಮೆ ಒತ್ತಿದಂತೆ ತಿಳಿಯುತ್ತದೆ.

ಬಿಚ್ಚುವ ಮೊದಲು ಶೆಲ್ ನೋಡಿ. ಬೆಳಕಿನಿಂದಲೂ ಶೆಲ್ಲಿನಿಂದಲೂ ನಡೆಯುವ ಯಂತ್ರವಾದರೆ ಸೌರಫಲಕವನ್ನು ಅಂಗೈಯಿಂದ ಪೂರ್ತಿ ಮುಚ್ಚಿ. ಅಂಕಿಗಳು ಮಂಕಾದರೆ ಶೆಲ್ ಮುಗಿದಿದೆ. ವೋಲ್ಟೇಜು ಕುಗ್ಗಿದಾಗಲೂ ಗುಂಡಿಗಳು ಅಡ್ಡಾದಿಡ್ಡಿ ವರ್ತಿಸುವುದುಂಟು. ಹಳೆಯ ಶೆಲ್ಲಿನ ಮೇಲೆ ಬರೆದಿರುವ ಸಂಖ್ಯೆಯನ್ನೇ ನೋಡಿ ಹೊಸದನ್ನು ತನ್ನಿ, ಏಕೆಂದರೆ ಎಲ್‌ಆರ್44 ಮತ್ತು ಎಲ್‌ಆರ್1130 ಎರಡೂ 1.5 ವೋಲ್ಟಿನವಾದರೂ ದಪ್ಪ ಬೇರೆ.

ಶೆಲ್ ತೆಗೆದಿಟ್ಟು, ಯಂತ್ರವನ್ನು ಬಟ್ಟೆಯ ಮೇಲೆ ಕವುಚಿ ಹಾಕಿ, ಹಿಂಬದಿಯ ಸಣ್ಣ ಸ್ಕ್ರೂಗಳನ್ನು ಬಿಚ್ಚಿ. ಕೆಲವು ಸ್ಕ್ರೂಗಳು ರಬ್ಬರ್ ಪಾದಗಳ ಅಡಿಯಲ್ಲಿ ಅಡಗಿರುತ್ತವೆ. ಎಲ್ಲ ತೆಗೆದ ಮೇಲೂ ಮುಚ್ಚಳ ಬಿಡದಿದ್ದರೆ ಅಂಚಿನ ಸಂದಿಗೆ ಹಳೆಯ ಪ್ಲಾಸ್ಟಿಕ್ ಕಾರ್ಡನ್ನು ತೂರಿಸಿ ಮೆಲ್ಲಗೆ ಎಬ್ಬಿಸಬೇಕೇ ಹೊರತು ಚಾಕು ಹಾಕಬಾರದು. ಮುಚ್ಚಳವನ್ನು ಒಮ್ಮೆಲೇ ಎಳೆಯಬೇಡಿ. ಸೌರಫಲಕದ ಎಳೆಯಂಥ ತಂತಿಗಳು ಎರಡೂ ಭಾಗಗಳಿಗೆ ಸೇರಿರಬಹುದು. ಎಲ್ಲಕ್ಕಿಂತ ಜೋಪಾನವಾಗಿ ನೋಡಿಕೊಳ್ಳಬೇಕಾದದ್ದು ಪರದೆಯಿಂದ ಬೋರ್ಡಿಗೆ ಬರುವ ತೆಳುವಾದ ಪಟ್ಟಿ. ಹಲವು ಯಂತ್ರಗಳಲ್ಲಿ ಅದನ್ನು ಬೆಸುಗೆಯಿಂದಲ್ಲ, ಬಿಸಿಯಿಂದ ಅಂಟಿಸಿರುತ್ತಾರೆ. ಒಮ್ಮೆ ಅದು ಕಿತ್ತರೆ ಅಂಕಿಗಳ ಗೆರೆಗಳು ಮಾಯವಾಗುತ್ತವೆ, ಮನೆಯಲ್ಲಿ ಅದನ್ನು ಮತ್ತೆ ಕೂಡಿಸುವುದು ಬಹಳ ಕಷ್ಟ. ಬೋರ್ಡನ್ನು ಸ್ಕ್ರೂಗಳ ಬದಲು ಕರಗಿಸಿದ ಪ್ಲಾಸ್ಟಿಕ್ ಮೊಳೆಗಳಿಂದ ಹಿಡಿಸಿದ್ದರೆ ಅಲ್ಲಿಗೇ ನಿಲ್ಲಿಸುವುದು ಲೇಸು.

ನಮ್ಮ ಯಂತ್ರದ ಎಂ ಪ್ಲಸ್ ಗುಬ್ಬಿಯನ್ನು ತಿರುಗಿಸಿದಾಗ ಕಪ್ಪು ಬಿಲ್ಲೆಯ ಸುತ್ತ ಹಳದಿ ಬಳೆಯೊಂದು ಕಾಣಿಸಿತು. ಅದು ಕೊಬ್ಬರಿ ಎಣ್ಣೆಯ ಪಸೆಯಲ್ಲಿ ಕೂತ ಅರಿಶಿನದ ಪುಡಿ. ವರ್ಷಗಟ್ಟಲೆ ಪೊಟ್ಟಣ ಕಟ್ಟಿದ ಬೆರಳುಗಳಿಂದಲೇ ಅದು ಅಲ್ಲಿಗೆ ಇಳಿದಿತ್ತು.

ಗುಬ್ಬಿಗಳಿರುವ ರಬ್ಬರ್ ಹಾಳೆಯನ್ನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ ಅದ್ದಿ, ಬಿಲ್ಲೆಗಳನ್ನು ಉಜ್ಜದೆ ಜಾಲಾಡಿಸಿ, ಶುದ್ಧ ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆರಳಿನಲ್ಲಿ ಒಣಗಿಸಬೇಕು. ಬೋರ್ಡಿನ ಗೆರೆಗಳಿಗೆ ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಸೂಕ್ತ. ಕಿವಿಗೆ ಬಳಸುವ ಹತ್ತಿಯ ಕಡ್ಡಿಯನ್ನು ಅದರಲ್ಲಿ ತುಸುವೇ ತೋಯಿಸಿ, ಭಾರ ಹಾಕದೆ ಒರೆಸಿ. ಹತ್ತಿಯ ಮೇಲೆ ಕೊಳೆ ಬದಲು ಕಪ್ಪು ಬಣ್ಣವೇ ಬರತೊಡಗಿದರೆ ಮುದ್ರಿತ ಕಾರ್ಬನ್ನೇ ಎದ್ದು ಬರುತ್ತಿದೆ ಎಂದು ತಿಳಿದು ಕೂಡಲೇ ನಿಲ್ಲಿಸಿ. ಮರಳು ಕಾಗದ, ಬ್ಲೇಡು, ಪೆಟ್ರೋಲು, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಇವುಗಳನ್ನು ಹತ್ತಿರ ತರಬಾರದು. ಸ್ಯಾನಿಟೈಸರ್ ಕೂಡ ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವ ಗ್ಲಿಸರಿನ್ ಹೊಸದೊಂದು ಪೊರೆಯನ್ನು ಬಿಟ್ಟುಹೋಗುತ್ತದೆ. ಮೇಲಿನ ಪ್ಲಾಸ್ಟಿಕ್ ಗುಂಡಿಗಳ ಪಕ್ಕಗಳನ್ನೂ ಒರೆಸಿ, ಏಕೆಂದರೆ ಚಹಾ ಅಥವಾ ಬೆಲ್ಲದ ಅಂಟಿನಿಂದ ತಡವಾಗಿ ಮೇಲೇಳುವ ಗುಂಡಿಯೂ ಇದೇ ದೋಷವನ್ನು ತೋರಿಸುತ್ತದೆ.

ಶುಚಿ ಮಾಡಿದ ಮೇಲೂ ಒಂದೇ ಗುಂಡಿ ತಪ್ಪುತ್ತಿದ್ದರೆ ಅದರ ಬಿಲ್ಲೆ ಸವೆದಿದೆ. ಬಿಲ್ಲೆಯ ಮೇಲೆ 2ಬಿ ಪೆನ್ಸಿಲನ್ನು ಸವರಿದರೆ ಕೆಲವು ದಿನ ನಡೆಯಬಹುದು. ಅದಕ್ಕಿಂತ ಬಾಳಿಕೆಯ ಉಪಾಯವೆಂದರೆ ಕೆಟ್ಟ ಟಿವಿ ರಿಮೋಟಿನ ರಬ್ಬರಿನಿಂದ ಅಷ್ಟೇ ಅಗಲದ ಬಿಲ್ಲೆಯನ್ನು ತೆಳುವಾಗಿ ಕತ್ತರಿಸಿ, ಸಿಲಿಕೋನ್ ಅಂಟಿನಿಂದ ಹಳೆಯದರ ಮೇಲೆ ಕೂರಿಸುವುದು. ಅಂಟು ಬಿಲ್ಲೆಯ ಮುಖಕ್ಕೆ ತಾಗಬಾರದು.

ಜೋಡಿಸುವಾಗ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಅತಿಯಾಗಿ ಬಿಗಿದರೆ ಬೋರ್ಡು ಬಾಗಿ ಗುಬ್ಬಿಗಳು ಅರ್ಧ ಒತ್ತಿದಂತೆಯೇ ಕೂರುತ್ತವೆ ಮತ್ತು ಅದೇ ದೋಷ ಮರಳುತ್ತದೆ. ನಾನು ಮೊದಲ ಸಲ ಜೋಡಿಸಿದಾಗ ಹೀಗೆಯೇ ಆಯಿತು, ನಡುವಿನ ಎರಡು ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿದ ಮೇಲೆ ಸರಿಹೋಯಿತು. ಬಳಿಕ ಎಂ ಪ್ಲಸ್ ಪರೀಕ್ಷೆಯನ್ನು ಮತ್ತೆ ಮಾಡಿ, ಮೂರು ಬಾರಿಯೂ ತಪ್ಪದೆ 10 ಬಂದರೆ ಮಾತ್ರ ಯಂತ್ರವನ್ನು ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಮರಳಿಸಿ.